ಕೊನೆಯ ದಿನಕ್ಕೂ ಮೊದಲೇ ಆ ಇಮೇಲ್ ಕಳಿಸಿ

ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು ನಾನು. ಕಳೆದ ನವೆಂಬರಿನಲ್ಲಿ ಹತ್ತು ಜನರನ್ನು ತೆಗೆದರು, ಅದರಲ್ಲಿ ನಾನೂ ಒಬ್ಬ. ಹೆಂಡತಿಗೆ ಶುಗರ್ ಇದೆ. ಹಾಗಾಗಿ ಸಂಬಳಕ್ಕಿಂತ ಮೊದಲು ಚಿಂತೆ ಹತ್ತಿದ್ದು ಇನ್ಶೂರೆನ್ಸಿನದು.

"ಕಾರ್ಡ್ ಮಾರ್ಚ್ ತನಕಾ ನಡೀತೈತಿ ಬಿಡ್ರಿ ಸರ" ಅಂದರು ಆಫೀಸಿನಲ್ಲಿ. ನಡೆಯಲ್ಲ. ಮಾರ್ಚ್ ಅನ್ನೋದು ಕಂಪನಿಯ ಗ್ರೂಪ್ ಪಾಲಿಸಿ ಮುಗಿಯುವ ತಿಂಗಳು. ನಮ್ಮ ಹೆಸರು ಸಾಮಾನ್ಯವಾಗಿ ಕೆಲಸದ ಕೊನೆಯ ದಿನವೇ ಹೋಗುತ್ತದೆ.

ಅದಕ್ಕೇ ನೋಟಿಸ್ ಅವಧಿಯಲ್ಲೇ, ಆ ಗ್ರೂಪ್ ಪಾಲಿಸಿ ಕೊಟ್ಟ ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಬರೆಯಿರಿ: ಗ್ರೂಪ್ ಪಾಲಿಸಿಯಿಂದ ನಿಮ್ಮದೇ ಫ್ಯಾಮಿಲಿ ಪಾಲಿಸಿಗೆ 'ಮೈಗ್ರೇಷನ್' ಬೇಕು ಅಂತ. ಇದೇ ಪದ ಹಾಕಿ. ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಸುಮ್ನೆ 'ಪಾಲಿಸಿ ಬೇಕು' ಅಂದರೆ ಏಜೆಂಟ್ ಖುಷಿಯಿಂದ ಹೊಸದನ್ನೇ ಮಾಡಿಕೊಡುತ್ತಾನೆ. ಆಗ ಶುಗರ್‌ನಂಥ ಹಳೆಯ ಕಾಯಿಲೆಗೆ 36 ತಿಂಗಳವರೆಗೂ ಕ್ಲೇಮ್ ಕೊಡದೆ ಕಾಯಿಸಬಹುದು. ಮೈಗ್ರೇಷನ್ ಆದರೆ ಗ್ರೂಪಿನಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಅದೂ ಹಳೆಯ ಮೊತ್ತಕ್ಕೆ ಮಾತ್ರ. ನಮಗೆ 3 ಲಕ್ಷ ಇತ್ತು, ನಾನು 5 ಲಕ್ಷ ಕೇಳಿದೆ. ಮೇಲಿನ 2 ಲಕ್ಷಕ್ಕೆ ಹೊಸದಾಗಿ ಕಾಯಬೇಕು.

ಕೇಳಿದವರಿಗೆಲ್ಲ ಸಿಕ್ಕೇ ಸಿಗುತ್ತದೆ ಅಂತೇನಿಲ್ಲ. ರಕ್ತ ಪರೀಕ್ಷೆ ಮಾಡಿಸು ಅನ್ನಬಹುದು, ಕಂತು ಜಾಸ್ತಿ ಹೇಳಬಹುದು, ಬೇಡ ಅಂತಲೂ ಅನ್ನಬಹುದು. ಹಾಗಂತ ಫಾರ್ಮಿನಲ್ಲಿ ಶುಗರ್ ಮುಚ್ಚಿಡಬೇಡಿ. ಮುಂದೆ ಕ್ಲೇಮ್ ಹೊತ್ತಿಗೆ ಅದೇ ನೆಪ ಆಗುತ್ತದೆ. ಯಾವ ವರ್ಷದಿಂದ ಯಾರ್ಯಾರ ಹೆಸರು ಪಾಲಿಸಿಯಲ್ಲಿತ್ತು ಅಂತ ಎಚ್‌ಆರ್‌ನಿಂದ ಪತ್ರ ತೆಗೆದುಕೊಳ್ಳಿ. ನಾನು ಅದಕ್ಕೇ ಮೂರು ಸಲ ಓಡಾಡಿದೆ. ಒಂದು ಸಮಾಧಾನ, ಸ್ವಂತ ಪಾಲಿಸಿಯ ಕಂತಿನ ಮೇಲೆ ಇದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂತ ನಮ್ಮ ಅವ್ವ ಅಂದಳು. ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನಿಜ. ನಮ್ಮದು ಎಪಿಎಲ್. ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದಲ್ಲಿ ಶೇ 30 ಮಾತ್ರ ಸರ್ಕಾರದ್ದು, ಅದೂ ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ.

ಇನ್ನು ಇಎಸ್‌ಐ, ಅಂದರೆ ಸಂಬಳದಲ್ಲಿ ಹಿಡಿಯುವ ಸರ್ಕಾರಿ ಕಾರ್ಮಿಕ ವಿಮೆ, ಕಟ್ಟುತ್ತಿದ್ದವರ ಲೆಕ್ಕ ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 78 ದಿನದ ವಂತಿಗೆ ಇದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಇರುತ್ತದೆ, ಕೆಲಸ ಹೋಗಿದ್ದರೂ. ತಾರಿಹಾಳದಲ್ಲಿ ಆಗಸ್ಟಿನಲ್ಲಿ ಕೆಲಸ ಕಳೆದುಕೊಂಡ ನನ್ನ ಗೆಳೆಯನಿಗೆ ಇದು ಗೊತ್ತೇ ಇರಲಿಲ್ಲ. ಫೆಬ್ರುವರಿಯಲ್ಲಿ ಮಗಳ ಜ್ವರಕ್ಕೆ ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ದುಡ್ಡು ಕಟ್ಟಿ ಬಂದ. ಇಎಸ್‌ಐ ಕಾರ್ಡ್ ಕಿಸೆಯಲ್ಲೇ ಇತ್ತು.