ಬೀಡಿಯ ಎಣಿಕೆಯಿಂದ ಹುಟ್ಟಿದ ಪಲ್ಲವಿ

ಮಂಗಳೂರಿನ ಆಸುಪಾಸಿನಲ್ಲಿ ಕಾರ್ಮಿಕರಿಗಾಗಿ ಹಾಡು ಬರೆಯುವವನು ಮೊದಲು ಭಾಷೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಬಂಟ್ವಾಳ, ತೊಕ್ಕೊಟ್ಟುಗಳಲ್ಲಿ ಬೀಡಿ ಕಟ್ಟುವ ಹೆಂಗಸರಲ್ಲಿ ಹೆಚ್ಚಿನವರ ಮನೆಮಾತು ತುಳು ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯ ಮತ್ತು ಸಭೆಯ ಭಾಷೆ. ಆದುದರಿಂದ, ಅವರು ದಿನವಿಡೀ ಬೆರಳಲ್ಲಿ ಹಿಡಿದಿರುವ ಲೆಕ್ಕವನ್ನೇ ನಾನು ಪಲ್ಲವಿಗೆ ತಂದೆ.

ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಟಿ, ನೂಲು ಬಿಗಿದು, ತುದಿ ಮಡಚುವ ಆ ಕೆಲಸಕ್ಕೆ ಕೂಲಿ ನಿಗದಿಯಾಗುವುದು 1000 ಬೀಡಿಗೆ ಇಷ್ಟು ಎಂದು. ಕಟ್ಟಿಗೆ 25ರಂತೆ ಸಾವಿರಕ್ಕೆ 40 ಕಟ್ಟು.

'ಸಾವಿರ ಬೀಡಿಗೆ ನಲವತ್ತು ಕಟ್ಟು
ಎಣಿಸುವ ಬೆರಳಿಗೆ ಉಳಿಯುವುದೆಷ್ಟು'

ನಾಲ್ಕು ನಾಲ್ಕು ಮಾತ್ರೆಯ ಈ ನಡೆಗೆ ಮೈಕೂ ಬೇಡ, ವಾದ್ಯವೂ ಬೇಡ, ಚಪ್ಪಾಳೆ ಸಾಕು. ಅಂಗಳವೊಂದರಲ್ಲಿ ಇದನ್ನು ಹಾಡಿ ತೋರಿಸಿದಾಗ ಹಿರಿಯ ಅಕ್ಕ ಒಬ್ಬರು, "ಬ್ರಾಂಚಿನಲ್ಲಿ ರಿಜೆಕ್ಟ್ ಮಾಡುವುದು ಹಾಡಿನಲ್ಲಿ ಬರುವುದಿಲ್ಲವಾ ಮಾರಾಯ್ರೆ?" ಎಂದು ಕೇಳಿದರು. ಕಟ್ಟಿದ ಬೀಡಿಯನ್ನು ಒಪ್ಪಿಸುವ ಜಾಗವೇ ಬ್ರಾಂಚು, ಸರಿಯಿಲ್ಲವೆಂದು ಬೀಡಿಯನ್ನು ತಳ್ಳಿಹಾಕುವುದೂ ಅಲ್ಲಿಯೇ. ಎರಡನೆಯ ಚರಣ ಪೂರ್ತಿಯಾಗಿ ಆ ಪ್ರಶ್ನೆಯಿಂದಲೇ ಬಂತು. ಹಾಡಿನಲ್ಲಿ ಜನರು ಹೆಚ್ಚು ಗಟ್ಟಿಯಾಗಿ ದನಿಗೂಡಿಸುವುದೂ ಅಲ್ಲಿಯೇ.

1970ರ ದಶಕದಲ್ಲಿ ಹುಟ್ಟಿದ 'ಸಮುದಾಯ' ರಂಗತಂಡದ ಜಾಥಾಗಳು ಮತ್ತು ದಲಿತ ಚಳವಳಿಯ ಹಾಡುಗಳು ಕನ್ನಡದಲ್ಲಿ ಈ ದಾರಿಯನ್ನು ಆಗಲೇ ಹದಮಾಡಿದ್ದವು. ಅವುಗಳ ಜೊತೆಗೆ, ನಾಟಿಗದ್ದೆಯ ತುಳು ಪಾಡ್ದನಗಳಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯುವ ಕ್ರಮವೂ ನನ್ನ ಕಿವಿಯಲ್ಲಿತ್ತು. ಬರೆಯುವಾಗ ನಾನು ಒಂದೇ ಉಸಿರಿಗೆ ಮುಗಿಯದ ಸಾಲನ್ನು ಒಡೆಯುತ್ತೇನೆ, ಏಕೆಂದರೆ ಮೆರವಣಿಗೆಯಲ್ಲಿ ನಡೆಯುತ್ತಾ ಹಾಡುವವರಿಗೆ ಉಸಿರೇ ದೊಡ್ಡ ಬಂಡವಾಳ.

ಇಂತಹ ಹಾಡುಗಳಿಂದ ಹೊಟ್ಟೆ ತುಂಬುವುದಿಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ನನ್ನ ಮನೆಯನ್ನು ನಡೆಸಿತು, ನಡುನಡುವೆ ಚಿತ್ರಗಳಿಗೂ ಬರೆದೆ. ಅಲ್ಲಿ ಒಬ್ಬ ನಿರ್ಮಾಪಕರು ಒಮ್ಮೆ ಕೊಟ್ಟ ಹಣಕ್ಕೆ ಹಾಡಿನ ಸಕಲ ಹಕ್ಕುಗಳನ್ನೂ ಬರೆಸಿಕೊಂಡರು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಬಳಿಕ ಪರಿಸ್ಥಿತಿ ಬದಲಾಗಿದೆ: ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಬೇರೆ ರೀತಿಯಲ್ಲಿ ಹಾಡು ಬಳಕೆಯಾದಾಗ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕು ಗೀತರಚನಕಾರನಿಗಿದೆ, ಅದನ್ನು ನಿರ್ಮಾಪಕರಿಗೆ ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ ಆ ಬರಹ ಊರ್ಜಿತವಾಗುವುದಿಲ್ಲ. ಹೊಸದಾಗಿ ಬರೆಯಲು ಬರುವ ಹುಡುಗ ಹುಡುಗಿಯರಿಗೆ ಛಂದಸ್ಸಿನ ಜೊತೆಯಲ್ಲೇ ಈ ಕಾಯಿದೆಯನ್ನೂ ಓದಿಸುತ್ತಿದ್ದೇನೆ.