0.86 ತೆಗೆದು 0.64 ಹಾಕಿದೆ

ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, ಕಂಪನಿಯಿಂದ ಬಂದಾಗ 150 ಬಿಎಚ್‌ಪಿ. ಅದರ ಪುಟ್ಟ ಟರ್ಬೊ ತೆಗೆದು ಗ್ಯಾರೆಟ್ ಜಿಟಿ2860ಆರ್‌ಎಸ್ ಹಾಕೋಣ ಅಂತ ತೀರ್ಮಾನಿಸುವುದು ಸುಲಭವಿತ್ತು. ಟರ್ಬೊ ಹುಚ್ಚರು ‘ಡಿಸ್ಕೊ ಪೊಟ್ಯಾಟೊ’ ಅನ್ನುವುದು ಇದನ್ನೇ. ತಲೆಬಿಸಿ ಆಗಿದ್ದು ಟರ್ಬೈನ್ ಹೌಸಿಂಗ್ ವಿಷಯದಲ್ಲಿ: 0.64 ಎ/ಆರ್ ಬೇಕೋ, 0.86 ಬೇಕೋ?

ಹೌಸಿಂಗ್ ಅಂದರೆ ಬಸವನಹುಳದ ಚಿಪ್ಪಿನಂಥ ಎರಕದ ಭಾಗ. ಎಕ್ಸಾಸ್ಟ್ ಗಾಳಿ ಅದರೊಳಗೆ ಸುತ್ತಿಕೊಂಡು ಬಂದು ಟರ್ಬೈನ್ ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ; ಆ ಹೆಚ್ಚುವರಿ ಒತ್ತಡವೇ ಬೂಸ್ಟ್. ಆ ದಾರಿಯ ಬಾಯಿಯ ವಿಸ್ತೀರ್ಣವನ್ನು, ಶಾಫ್ಟ್ ನಡುವಿನಿಂದ ಅದಕ್ಕಿರುವ ದೂರದಿಂದ ಭಾಗಿಸಿದರೆ ಎ/ಆರ್. ಒಲೆ ಊದುವ ಕೊಳವೆ ನೆನೆಸಿಕೊಳ್ಳಿ. ಸಣ್ಣ ಕೊಳವೆಯಲ್ಲಿ ಸ್ವಲ್ಪ ಉಸಿರಿಗೇ ಕೆಂಡ ನಿಗಿನಿಗಿ. ಆದರೆ ಜೋರಾಗಿ ಊದಿದರೆ ಕೆನ್ನೆ ನೋಯುತ್ತದೆ. 0.64 ಅಂಥ ಸಣ್ಣ ಕೊಳವೆ, 0.86 ದೊಡ್ಡದು.

‘ದಿನಾ ಎಲ್ಲಿ ಓಡಿಸ್ತೀರಾ ಸಾರ್?’ ಅಂತ ಟ್ಯೂನರ್ ಕೇಳಿದ್ದರು. ನಾನು ಹೇಳಿದ್ದು ಡೈನೊದಲ್ಲಿ, ಅಂದರೆ ಶಕ್ತಿ ಅಳೆಯುವ ಯಂತ್ರದಲ್ಲಿ, ಎಷ್ಟು ಬಿಎಚ್‌ಪಿ ಬೇಕು ಅಂತ. ಅವರು ಸುಮ್ನೆ 0.86 ತರಿಸಿಕೊಟ್ಟರು.

ಮೂರನೇ ಗೇರಿನಲ್ಲಿ 1 ಬಾರ್ ಬೂಸ್ಟ್ ಬರುವಾಗ 4300 ಆರ್‌ಪಿಎಂ ದಾಟಿರುತ್ತಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ 1 ಬಾರ್ ಬೂಸ್ಟಿಗೆ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು, ಇಲ್ಲಿ 2.1 ಪಟ್ಟು ಒತ್ತಬೇಕು. ಮೊದಲೇ ನಿಧಾನದ ಹೌಸಿಂಗ್, ಇನ್ನೂ ನಿಧಾನ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದಿಕ್ಕಲು ಒತ್ತಿದರೆ ಪಿಕಪ್ಪೇ ಇಲ್ಲ. ಬೂಸ್ಟ್ ಬರುವಷ್ಟರಲ್ಲಿ ಎದುರಿಗೆ ಮುಂದಿನ ತಿರುವು.

ಕೊನೆಗೆ ಎರಡು ವಾರ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲಾಗ್ ಹಿಡಿದೆ. ಈ ಕೆಲಸ ಖರೀದಿಗೆ ಮುಂಚೆ ಮಾಡಬೇಕಿತ್ತು. ಎಂಜಿನ್ ಹೆಚ್ಚು ಹೊತ್ತು ಇದ್ದದ್ದು 2000ದಿಂದ 4000ದ ನಡುವೆ. ನಾನು ದುಡ್ಡು ಕೊಟ್ಟಿದ್ದು ಅದರಾಚೆಯ ಲೋಕಕ್ಕೆ!

0.64ಕ್ಕೆ ಬದಲಾಯಿಸಲು ಒಂದು ದಿನ ಹಿಡಿಯಿತು. ಬೆಂದು ಕಚ್ಚಿಕೊಂಡ ಬೋಲ್ಟುಗಳಿಗೆ ರಾತ್ರಿಯೇ ಎಣ್ಣೆ ಬಿಟ್ಟಿದ್ದೆವು. ಹೌಸಿಂಗನ್ನು ನೇರವಾಗಿ ಎಳೆಯಬೇಕು. ವಾರೆಯಾದರೆ ಟರ್ಬೈನ್ ಎಸಳಿಗೆ ತಾಗಿ, ಟರ್ಬೊ ಕಥೆ ಅಲ್ಲಿಗೇ ಮುಗಿಯಿತು. ಜೋಡಿಸುವಾಗ ಆಯಿಲ್ ಡ್ರೇನ್ ಕೆಳಮುಖವಾಗಿರುವಂತೆ ತಿರುಗಿಸಿಕೊಂಡೆವು.

ಈಗ 3400ಕ್ಕೇ ಪೂರ್ತಿ ಬೂಸ್ಟ್. ಆದರೆ ಪುಕ್ಕಟೆ ಅಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತೂತು ಕೊರೆದು, ಉದ್ದನೆಯ ತಾಮ್ರದ ನಳಿಗೆಯ ತುದಿಗೆ ಗೇಜ್ ಕಟ್ಟಿ ಎರಡರಲ್ಲೂ ಅಳೆದಿದ್ದೆ. 1.1 ಬಾರ್ ಬೂಸ್ಟಿನಲ್ಲಿ, 6500 ಆರ್‌ಪಿಎಂಗೆ, 0.86ರ ಹಿಂದೊತ್ತಡ (ಟರ್ಬೈನಿಗೆ ಮುಂಚೆ ಕಟ್ಟಿಕೊಳ್ಳುವ ಎಕ್ಸಾಸ್ಟ್ ಒತ್ತಡ) 1.4 ಬಾರ್, 0.64ರದು 1.9. ಅಷ್ಟು ಒತ್ತಡಕ್ಕೆ ಸುಟ್ಟ ಗಾಳಿ ಸಿಲಿಂಡರಿನಲ್ಲೇ ಉಳಿದು ಬಿಸಿ ಏರುತ್ತದೆ, ಇಂಧನ ತಾನಾಗಿ ಸಿಡಿಯುವ ನಾಕಿಂಗ್ ಶುರು. ಹಾಗಾಗಿ 6000ದ ಮೇಲೆ ಬೂಸ್ಟ್ 0.9ಕ್ಕೆ ಇಳಿಸಿ, ಕಿಡಿ ಹಾರುವ ಟೈಮಿಂಗ್ ಸ್ವಲ್ಪ ತಡ ಮಾಡಿದೆವು. ಟಾರ್ಕ್ (ತಿರುಗಿಸುವ ಬಲ) ಬೇಗ ಬರುವುದರಿಂದ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿಗೂ ಪೆಟ್ಟು ಜಾಸ್ತಿ. ಈ ಎಂಜಿನ್ನಿನ ಮೂಲ ರಾಡುಗಳು ತೆಳು. ನನ್ನದರಲ್ಲಿ ಗಟ್ಟಿಯಾದ ಫೋರ್ಜ್ಡ್ ರಾಡ್ ಮೊದಲೇ ಹಾಕಿಸಿದ್ದುದರಿಂದ ಧೈರ್ಯ ಮಾಡಿದೆ.

ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗಷ್ಟೇ ಕಾರು ಇಟ್ಟಿದ್ದರೆ 0.86 ತೆಗೆಯುತ್ತಲೇ ಇರಲಿಲ್ಲ. ಅಲ್ಲಿ ಆರ್‌ಪಿಎಂ ಕೆಳಗೆ ಬೀಳಲು ಬಿಡುವವರು ಯಾರು? ಅದಕ್ಕೇ ಮಾರಿಲ್ಲ, ಅಟ್ಟದ ಮೇಲಿದೆ. ಅಮ್ಮ ಎರಡು ಸಲ ಗುಜರಿಯವನಿಗೆ ಕೊಡಲು ಕೆಳಗಿಳಿಸಿದ್ದರು.