ತುಂಗಭದ್ರೆಯ ದಂಡೆಯಲ್ಲಿ ಇಲಿ ಸಮೀಕ್ಷೆಗೆ ಹೊರಟವರಿಗೆ

ಧಾರವಾಡದಿಂದ ಮುಂಡರಗಿ ಕಡೆಗೆ ಸಣ್ಣ ಸಸ್ತನಿಗಳ ಸಮೀಕ್ಷೆಗೆ ಹೊರಟಿರುವ ವಿದ್ಯಾರ್ಥಿಗಳೇ, ಮೊದಲು ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ. ಹತ್ತಿರದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಅನುಮತಿಯಿಲ್ಲದೆ ಒಂದು ಬೋನನ್ನೂ ಇಡಬೇಡಿ.

ಶೆರ್ಮನ್ ಬೋನು ಎಂದರೆ ಮಡಚುವ ಅಲ್ಯೂಮಿನಿಯಂ ಪೆಟ್ಟಿಗೆ. ನಮ್ಮ ಬಿಸಿಲಿಗೆ ಅದು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಒಂದು ಮಾರ್ಚ್‌ನಲ್ಲಿ ನಾನು ಕೊನೆಯ ಬೋನು ತಲುಪುವಾಗ ಒಂಬತ್ತೂವರೆ ಆಗಿತ್ತು. ಒಳಗಿದ್ದ ಬಯಲಿಲಿ ಸತ್ತಿತ್ತು. ಗದ್ದದ ಕೆಳಗಿನ ತುಪ್ಪಳ ಜೊಲ್ಲಿನಿಂದ ಒದ್ದೆಯಾಗಿ ಅಂಟಿಕೊಂಡಿತ್ತು. ತಪ್ಪು ನನ್ನದೇ, ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಈಗ ನಸುಕಿನಲ್ಲೇ ಮೊದಲ ಬೋನಿನ ಬಳಿ ಇರುತ್ತೇನೆ. ಹಗಲೆಲ್ಲ ಬಾಗಿಲು ಮುಚ್ಚಿಟ್ಟು ಸಂಜೆ ಮತ್ತೆ ತೆರೆಯುತ್ತೇನೆ. ಬೋನನ್ನು ಪೊದೆಯ ನೆರಳಿನಲ್ಲೇ ಇಡಿ, ಪಕ್ಕದ ಜಾಲಿಯ ಟೊಂಗೆಗೆ ಬಣ್ಣದ ಬಟ್ಟೆ ಚೂರು ಕಟ್ಟಿ. ಇಟ್ಟಷ್ಟನ್ನೂ ಎಣಿಸಿ ಹಿಂದೆ ತನ್ನಿ.

ಬೋನಿನೊಳಗಿನ ಆಮಿಷಕ್ಕೆ ಹುರಿದ ಶೇಂಗಾ ಕುಟ್ಟಿ ಓಟ್ಸ್ ಜೊತೆ ಉಂಡೆ ಮಾಡಿದರೆ ಸಾಕು. ಬೆಲ್ಲ ಬೇಡ, ಇರುವೆ ಮುತ್ತುತ್ತವೆ. ಚಳಿಗಾಲವಾದರೆ ಒಂದು ಹಿಡಿ ಹತ್ತಿ ಒಳಗಿಡಿ.

ಸೊಂಡಿಲಿ ಸಿಕ್ಕರೆ ಅದನ್ನೇ ಮೊದಲು ಬಿಡಿ. ಕೆಲವೇ ಗಂಟೆ ಹಸಿದಿದ್ದರೂ ಅದು ಉಳಿಯುವುದಿಲ್ಲ. ಬಯಲಿಲಿಯನ್ನು ಬಾಲದ ತುದಿಯಲ್ಲಿ ಹಿಡಿಯಲೇಬೇಡಿ, ಚರ್ಮ ಸುಲಿದು ಬರುತ್ತದೆ. ಬಟ್ಟೆಯ ಚೀಲಕ್ಕೆ ಇಳಿಸಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಆಮೇಲೆ ಬರಿ ಚೀಲದ ತೂಕ ಕಳೆಯಿರಿ. ಕೈಗವಸು ಮರೆಯಬೇಡಿ. ಹಿಡಿದ ಜಾಗದಲ್ಲೇ, ಪೊದೆಯತ್ತ ಮುಖ ಮಾಡಿ ಬಿಡಿ.